ಕಿರಿದಾದ ಉದರವೂ ಅವಮೌದರ್ಯ ತಪವೂ

ಜಿನಾಗಮದಲ್ಲಿ ಬಾಹ್ಯತಪಸ್ಸು ಆರು ವಿಧವಾಗಿ ಹೇಳಲ್ಪಟ್ಟಿದೆ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ ಮತ್ತು ಕಾಯಕ್ಲೇಶ ಎಂಬ ಈ ಆರರಲ್ಲಿ ಮೊದಲಿನ ನಾಲ್ಕೂ ಆಹಾರಕ್ಕೆ ಸಂಬಂಧಪಟ್ಟವು. ಅನಶನವೆಂಬ ಉಪವಾಸಕ್ಕೆ ಸಮಾಜದಲ್ಲಿ ವಿಶೇಷ ಗೌರವವಿದೆ; ಪಾರಣೆಯ ದಿನ ಹತ್ತು ಮಂದಿ ಬಂದು ಕೈಮುಗಿಯುತ್ತಾರೆ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವನ್ನು ಯಾರೂ ಗಮನಿಸುವುದಿಲ್ಲ. ಆದರೂ ಆಚಾರ್ಯರು ಅದನ್ನು ಅನಶನದ ಮಗ್ಗುಲಲ್ಲಿಯೇ ಇರಿಸಿದ್ದಾರೆ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯ ಪೂರ್ಣಾಹಾರ 28 ತುತ್ತು. ಅದರಲ್ಲಿ ಒಂದೊಂದೇ ತುತ್ತನ್ನು ತಗ್ಗಿಸುತ್ತ ಬರುವುದೇ ಅವಮೌದರ್ಯವೆಂದು ಮೂಲಾಚಾರವು ತಿಳಿಸುತ್ತದೆ. ಸಂಯಮದಲ್ಲಿ ಎಚ್ಚರ, ದೋಷಗಳ ಶಮನ, ಸಂತೋಷ ಮತ್ತು ಸುಖವಾದ ಸ್ವಾಧ್ಯಾಯ ಇವು ಅದರ ಪ್ರಯೋಜನಗಳೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ.

ಈ ಕಾಲದಲ್ಲಿ ಅವಮೌದರ್ಯವು ಕೆಲವರ ಬಾಳಿನಲ್ಲಿ ಬೇರೊಂದು ಬಾಗಿಲಿನಿಂದ ಬಂದಿದೆ. ಅತಿಸ್ಥೂಲತೆಯಿಂದ ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವು, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ ಮೊದಲಾದ ಬಾಧೆಗಳಿಗೆ ಒಳಗಾದವರು ವೈದ್ಯರ ಸಲಹೆಯಂತೆ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳುತ್ತಿದ್ದಾರೆ. ಒಂದು ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಬಾಳೆಕಾಯಿಯ ಆಕಾರದ ನೀಳ ಕೊಳವೆಯಾಗಿ ಉಳಿಸುತ್ತಾರೆ. ಇನ್ನೊಂದರಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಸಂಚಿಯನ್ನು ಮಾಡಿ ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಈ ಎರಡನೆಯ ವಿಧಾನವನ್ನು 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಆರಂಭಿಸಿದರು. ಚಿಕಿತ್ಸೆಯಾದ ಮೇಲೆ ಮೊದಲು ತಟ್ಟೆ ತುಂಬ ಉಣ್ಣುತ್ತಿದ್ದವರಿಗೆ ನಾಲ್ಕೈದು ಚಮಚದಲ್ಲಿಯೇ ಹೊಟ್ಟೆ ತುಂಬುತ್ತದೆ.

ಹಾಗಾದರೆ ಇದು ತಪಸ್ಸಾಯಿತೇ? ಶ್ರಾವಕರ ಮನೆಗಳಲ್ಲಿ ಏಳುವ ಈ ಪ್ರಶ್ನೆಗೆ ಆಗಮದಲ್ಲಿಯೇ ಉತ್ತರವಿದೆ. ತನ್ನ ಇಚ್ಛೆಯಿಲ್ಲದೆ ಬಂಧನಾದಿಗಳಿಂದ ಹಸಿವು ನೀರಡಿಕೆಗಳನ್ನು ಸಹಿಸಬೇಕಾಗಿ ಬಂದು, ಅದರಿಂದ ಆಗುವ ಕರ್ಮಗಳ ಉದುರುವಿಕೆಗೆ ಅಕಾಮನಿರ್ಜರೆ ಎಂದು ಹೆಸರು. ಸೆರೆಮನೆಯಲ್ಲಿರುವವನು ಉಣ್ಣದಿರುವುದು ಅನಶನವಲ್ಲ; ಉಣ್ಣಲು ಸಿಗದಿರುವುದು ಮಾತ್ರ. ಅಂತೆಯೇ ಶಸ್ತ್ರವೈದ್ಯನು ಕಿರಿದುಗೊಳಿಸಿದ ಉದರವು ತಾನಾಗಿ ತಪಸ್ವಿಯ ಉದರವಾಗುವುದಿಲ್ಲ. ಆದರೆ ನಿರ್ಬಂಧವಾಗಿ ಬಂದುದನ್ನೇ ವಿವೇಕದಿಂದ ಅಂಗೀಕರಿಸಿ, ‘ಇದು ನನ್ನ ನಿಯಮ’ ಎಂದು ಮನಃಪೂರ್ವಕವಾಗಿ ಸಂಕಲ್ಪಿಸಿದಾಗ ಅದೇ ನಾಲ್ಕು ಚಮಚದ ಊಟವು ಅವಮೌದರ್ಯವಾಗುತ್ತದೆ. ಊಟದ ಅಳತೆ ಒಂದೇ, ಭಾವ ಬೇರೆ.

ಈ ಭಾವವು ಕೇವಲ ಪರಲೋಕದ ಮಾತಲ್ಲ, ಆರೋಗ್ಯವೂ ಅದರ ಮೇಲೆಯೇ ನಿಂತಿದೆ. ಶಸ್ತ್ರವು ಜಠರವನ್ನು ಕತ್ತರಿಸಿತೇ ಹೊರತು ರಸನೇಂದ್ರಿಯದ ಆಸೆಯನ್ನು ಕತ್ತರಿಸಲಿಲ್ಲ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಸ್ರಾವದ ಬಹುಭಾಗವು ಜಠರದ ತೆಗೆದುಹಾಕಿದ ಭಾಗದಲ್ಲಿಯೇ ಹುಟ್ಟುತ್ತಿದ್ದುದರಿಂದ, ಮೊದಲ ವಿಧಾನದ ಚಿಕಿತ್ಸೆಯಾದವರಿಗೆ ಆರಂಭದ ತಿಂಗಳುಗಳಲ್ಲಿ ಹಸಿವು ಅಷ್ಟಾಗಿ ಕಾಣುವುದಿಲ್ಲ. ತೂಕ ಬೇಗನೆ ಇಳಿಯುತ್ತದೆ, ಎಲ್ಲವೂ ಸುಲಭವೆನಿಸುತ್ತದೆ. ಒಂದೂವರೆ ಎರಡು ವರ್ಷಗಳ ಅನಂತರ ಆಸೆಯು ಮರಳಿ ಬಂದು ದಾರಿ ಹುಡುಕತೊಡಗುತ್ತದೆ. ರೊಟ್ಟಿ ಪಲ್ಯ ಕಿರಿದಾದ ಜಠರದಲ್ಲಿ ತಡೆದು ನಿಲ್ಲುತ್ತವೆ. ಪೇಡೆ, ಸೀಕರಣೆ, ಐಸ್‌ಕ್ರೀಮು, ಸಿಹಿಪಾನಕ ತಡೆಯಿಲ್ಲದೆ ಜಾರಿಹೋಗುತ್ತವೆ. ಒಮ್ಮೆಗೆ ಹೆಚ್ಚು ಉಣ್ಣಲಾಗದವನು ದಿನವಿಡೀ ಚೂರುಚೂರಾಗಿ ಬಾಯಾಡಿಸಿದರೆ ಕಳೆದ ತೂಕವು ಪುನಃ ಏರುತ್ತದೆ. ದೋಣಿಯ ದೊಡ್ಡ ರಂಧ್ರವನ್ನು ಮುಚ್ಚಿ ಚಿಕ್ಕ ರಂಧ್ರಗಳನ್ನು ಬಿಟ್ಟರೆ ನೀರು ಒಳಗೆ ಬರುವುದು ನಿಲ್ಲುವುದೇ? ಆಸ್ರವವಿರುವಲ್ಲಿ ಸಂವರವು ಬೇಕು. ಆ ಸಂವರವೇ ವ್ರತ.

ಚಿಕಿತ್ಸೆಯಾದವರ ದಿನಚರಿಯನ್ನು ವಿಚಾರಿಸಿದರೆ, ಅದು ಶ್ರಾವಕಾಚಾರದಿಂದ ದೂರವಾದುದಲ್ಲವೆಂಬುದು ತಿಳಿಯುತ್ತದೆ. ಮೊದಲ ಎರಡು ವಾರಗಳ ಹೊತ್ತು ದ್ರವಾಹಾರ, ಆಮೇಲೆ ನುಣ್ಣಗೆ ಅರೆದುದು, ಆಮೇಲೆ ಮೆತ್ತಗಿನದು, ಸುಮಾರು ಎರಡು ತಿಂಗಳಾದ ಮೇಲೆ ಸಾಮಾನ್ಯ ಆಹಾರ: ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು. ಚಿಕ್ಕ ಊಟಕ್ಕೂ ಇಪ್ಪತ್ತು ನಿಮಿಷ ಕೊಡಬೇಕು. ಅವಸರಪಟ್ಟರೆ ಎದೆಯಲ್ಲಿ ಒತ್ತಿದಂತಾಗಿ ವಾಂತಿಯಾಗುತ್ತದೆ. ಮೌನವಾಗಿ ಉಣ್ಣಬೇಕೆಂಬ ಹಿರಿಯರ ನಿಯಮವು ಇಲ್ಲಿ ಎಷ್ಟು ಉಪಕಾರಿ! ಉದರದ ಎರಡು ಭಾಗ ಅನ್ನವ್ಯಂಜನಗಳಿಗೆ, ಮೂರನೆಯ ಭಾಗ ನೀರಿಗೆ, ನಾಲ್ಕನೆಯದು ವಾಯುವಿನ ಸಂಚಾರಕ್ಕೆ ಎಂದು ಮೂಲಾಚಾರವು ಹಂಚಿಕೊಟ್ಟಿದೆ. ಕಿರಿದಾದ ಉದರದಲ್ಲಿ ಅನ್ನಕ್ಕೂ ನೀರಿಗೂ ಏಕಕಾಲದಲ್ಲಿ ಸ್ಥಳವಿಲ್ಲವಾದುದರಿಂದ ಅವುಗಳಿಗೆ ಬೇರೆ ಬೇರೆ ವೇಳೆಯನ್ನು ಕೊಡಬೇಕು. ಊಟದೊಡನೆ ನೀರು ಕುಡಿಯದೆ, ಊಟವಾದ ಅರ್ಧ ಗಂಟೆಯ ಮೇಲೆ ಸೋಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತ, ದಿನಕ್ಕೆ ಸುಮಾರು ಒಂದೂವರೆ ಲೀಟರನ್ನು ಪೂರೈಸತಕ್ಕದ್ದು.

ಅಡುಗೆಮನೆಯ ನಿಯಮಗಳಿಗೂ ಇಲ್ಲಿ ಭಂಗ ಬರಬೇಕಾಗಿಲ್ಲ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆಂದು ವೈದ್ಯರು ಹೇಳುವಾಗ ಆಹಾರದ ಪಟ್ಟಿಯಲ್ಲಿ ಮೊಟ್ಟೆ ಕಾಣಿಸಬಹುದು, ಅಂಜಬೇಕಾಗಿಲ್ಲ. 100 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ. ಮೊಸರು, ಪನೀರು, ಸೋಯಾ ಇವೂ ಇವೆ. ಉಣ್ಣುವ ಪ್ರಮಾಣ ಅಲ್ಪವಾದುದರಿಂದ ಇವನ್ನೇ ಮೊದಲು ಉಂಡು ಅನ್ನ ರೊಟ್ಟಿಗಳನ್ನು ಕೊನೆಗೆ ಇಟ್ಟುಕೊಳ್ಳಬೇಕು. ಬೇಳೆಯನ್ನು ಮೊಸರು ಮಜ್ಜಿಗೆಯೊಡನೆ ಬೆರೆಸದ ದ್ವಿದಳ ನಿಯಮವುಳ್ಳವರು ಒಂದು ಹೊತ್ತು ಬೇಳೆಯ ಕಟ್ಟನ್ನೂ ಇನ್ನೊಂದು ಹೊತ್ತು ಮೊಸರನ್ನೂ ತೆಗೆದುಕೊಳ್ಳಬಹುದು. ಅನೇಕ ಸಲ ಉಣ್ಣಬೇಕಾದವರಿಗೆ ಇದು ಸುಲಭವೇ. ಗಜ್ಜರಿ ಆಲೂಗಡ್ಡೆಗಳ ಸ್ಥಾನದಲ್ಲಿ ಸೋರೆಕಾಯಿ, ಕುಂಬಳಕಾಯಿ, ಹೀರೆಕಾಯಿ ನುಣ್ಣಗೆ ಬೇಯುತ್ತವೆ. ಬಿ12, ಕಬ್ಬಿಣ, ಸುಣ್ಣದ ಅಂಶ, ಡಿ ಜೀವಸತ್ವಗಳ ಮಾತ್ರೆಗಳನ್ನು ಜೀವನಪರ್ಯಂತ ಬಿಡುವಂತಿಲ್ಲ. ಅನೇಕ ಕ್ಯಾಪ್ಸೂಲುಗಳ ಹೊದಿಕೆಯಾದ ಜಿಲೆಟಿನ್ ಪ್ರಾಣಿಗಳಿಂದ ಬಂದುದಾದುದರಿಂದ, ಗುಳಿಗೆಯ ರೂಪದಲ್ಲಿ ಅಥವಾ ಸಸ್ಯಜನ್ಯ ಹೊದಿಕೆಯಲ್ಲಿ ಕೊಡಿರೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳುವುದು ಲೇಸು. ರಾತ್ರಿಭೋಜನ ತ್ಯಾಗವೂ ಉಳಿಯುತ್ತದೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಸುಮಾರು ಹನ್ನೆರಡು ಗಂಟೆಗಳಲ್ಲಿ ಐದಾರು ಸಲ ಸ್ವಲ್ಪ ಸ್ವಲ್ಪವಾಗಿ ಉಣ್ಣಲು ಅವಕಾಶವಿದೆ; ಕಬ್ಬಿಣ ಮತ್ತು ಸುಣ್ಣದ ಗುಳಿಗೆಗಳ ನಡುವೆ ಬೇಕಾದ ಎರಡು ಗಂಟೆಯ ಅಂತರವೂ ಹಗಲಿನಲ್ಲಿಯೇ ದೊರೆಯುತ್ತದೆ. ಚಿಕಿತ್ಸೆಯ ಆರಂಭದಲ್ಲಿ ರಾತ್ರಿಯ ನೀರು ಔಷಧಗಳು ಅವಶ್ಯವಾದವರು, ಅವುಗಳನ್ನು ಹೊರತುಪಡಿಸಿಯೇ ನಿಯಮವನ್ನು ಸ್ವೀಕರಿಸಬೇಕು. ದೊಡ್ಡ ನಿಯಮವನ್ನು ಹಿಡಿದು ಮುರಿಯುವುದಕ್ಕಿಂತ ಪಾಲಿಸಬಲ್ಲ ನಿಯಮವನ್ನು ಹಿಡಿದು ನಡೆಸುವುದೇ ಶ್ರೇಯಸ್ಕರ.

ಇನ್ನು ದಶಲಕ್ಷಣ ಪರ್ವದ ಮಾತು. ವರ್ಷವರ್ಷವೂ ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ಉಪವಾಸವಿದ್ದ ಗೃಹಿಣಿಯೊಬ್ಬಳು ಈ ಚಿಕಿತ್ಸೆಗೆ ಒಳಗಾದಳೆಂದುಕೊಳ್ಳೋಣ. ಪರ್ವ ಬಂದಾಗ ಅವಳ ಮನಸ್ಸು ತಳಮಳಿಸುತ್ತದೆ. ಬಸದಿಯಲ್ಲಿ ಇತರರು ಉಪವಾಸದ ಪ್ರತ್ಯಾಖ್ಯಾನ ತೆಗೆದುಕೊಳ್ಳುವಾಗ ತಾನು ಚಮಚ ಚಮಚವಾಗಿ ಉಣ್ಣಬೇಕಲ್ಲಾ ಎಂದು ನಾಚುತ್ತಾಳೆ. ಯಾರಿಗೂ ತಿಳಿಸದೆ ಉಪವಾಸ ಹಿಡಿಯಬೇಕೆಂದೂ ಎಣಿಸುತ್ತಾಳೆ. ಇದು ಅಪಾಯಕಾರಿ. ಒಮ್ಮೆಗೆ ಹೆಚ್ಚು ನೀರು ಕುಡಿಯಲಾಗದ ಉದರಕ್ಕೆ ನಿರ್ಜಲ ಉಪವಾಸದ ಕೊರತೆಯನ್ನು ಮರುದಿನ ತುಂಬಿಕೊಳ್ಳುವ ಶಕ್ತಿಯಿಲ್ಲ. ಶರೀರದಲ್ಲಿ ಬಿ1 ಜೀವಸತ್ವದ ಸಂಗ್ರಹವು ಎರಡು ಮೂರು ವಾರಗಳಿಗೆ ಮಾತ್ರ. ಮೊದಲೇ ಕ್ಷೀಣಿಸಿದವರಲ್ಲಿ ಅದು ಬರಿದಾದರೆ ನರಗಳಿಗೂ ಮೆದುಳಿಗೂ ಹಾನಿಯಾಗುತ್ತದೆ. ಏಕಾಶನವೂ ಅವಳಿಗೆ ಹೊಂದುವುದಿಲ್ಲ, ಏಕೆಂದರೆ ದಿನದ ಪೋಷಣೆಯು ಒಂದೇ ಊಟದಲ್ಲಿ ಹಿಡಿಸುವುದಿಲ್ಲ.

ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಃ ತ್ಯಾಗ’, ‘ಶಕ್ತಿತಃ ತಪ’ ಎಂದು ಶಕ್ತಿಯ ಮಾತನ್ನು ಸ್ಪಷ್ಟವಾಗಿ ಸೇರಿಸಲಾಗಿದೆ. ಶಕ್ತಿಯನ್ನು ಬಚ್ಚಿಡುವುದು ಎಂತು ದೋಷವೋ ಶಕ್ತಿಯನ್ನು ಮೀರಿ ಶರೀರವನ್ನು ಕೆಡಿಸುವುದೂ ಅಂತೆಯೇ ಅವಿವೇಕ. ಅನಶನದ ಬಾಗಿಲು ಮುಚ್ಚಿದವರಿಗೆ ಉಳಿದ ಬಾಗಿಲುಗಳು ತೆರೆದೇ ಇವೆ. ದಿನಕ್ಕೆ ಇಂತಿಷ್ಟೇ ಪದಾರ್ಥಗಳೆಂದು ಎಣಿಕೆ ಮಾಡಿಕೊಳ್ಳಬಹುದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಬೆಲ್ಲ ಸಕ್ಕರೆಯ ಸಿಹಿಯನ್ನು ತ್ಯಜಿಸಬಹುದು. ಪೋಷಣೆಗೆ ಆಧಾರವಾದ ಹಾಲು ಮೊಸರನ್ನು ಮಾತ್ರ ಬಿಡಕೂಡದು. ಸಿಹಿಯು ಬೇಗನೆ ಕರುಳಿಗೆ ಇಳಿದು ಬೆವರು, ಎದೆಬಡಿತ, ತಲೆಸುತ್ತು ಬರಿಸುವುದರಿಂದ, ವಿಶೇಷವಾಗಿ ಎರಡನೆಯ ವಿಧಾನದ ಚಿಕಿತ್ಸೆಯಾದವರಿಗೆ, ಈ ರಸಪರಿತ್ಯಾಗವು ತಪವೂ ಹೌದು, ಪಥ್ಯವೂ ಹೌದು. ಸ್ವಾಧ್ಯಾಯ, ಸಾಮಾಯಿಕ, ಕ್ಷಮೆಗಳಿಗಂತೂ ಜಠರದ ಅಳತೆಯೇ ಬೇಕಾಗಿಲ್ಲ. ಆದರೆ ಯಾವ ನಿಯಮವನ್ನೇ ಆಗಲಿ ವೈದ್ಯರಿಗೆ ತಿಳಿಸಿಯೇ ಸ್ವೀಕರಿಸತಕ್ಕದ್ದು.

ಮನೆಯವರ ಹೊಣೆಯೂ ಕಿರಿದಲ್ಲ. ಮದುವೆ ಮುಂಜಿಗಳಲ್ಲಿ ‘ಇನ್ನೊಂದು ಹೋಳಿಗೆ, ಇನ್ನೊಂದು ಸೌಟು’ ಎಂದು ಒತ್ತಾಯಿಸುವುದು ಪ್ರೀತಿಯ ಲಕ್ಷಣವೆಂದು ಭಾವಿಸಲಾಗಿದೆ. ಇಂಥವರ ಎಲೆಯ ಮುಂದೆ ಅದು ಪೀಡೆಯೇ ಸರಿ. ‘ನಾಲಗೆ ಕಟ್ಟಲಾರದೆ ಹೊಟ್ಟೆ ಕೊಯ್ಸಿಕೊಂಡಳು’ ಎಂಬ ಕೊಂಕುಮಾತು ವಚನಹಿಂಸೆ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸಿದ ಧರ್ಮವು ರೋಗಕ್ಕೆ ಚಿಕಿತ್ಸೆ ಪಡೆದವರನ್ನು ಹಳಿಯುವುದಿಲ್ಲ. ಚಿಕ್ಕ ಬಟ್ಟಲಿನಲ್ಲಿ ಬಡಿಸುವುದು, ಸೂರ್ಯಾಸ್ತಕ್ಕೆ ಮೊದಲೇ ಅಡುಗೆ ಮುಗಿಸುವುದು, ಮೂರನೆಯ ತಿಂಗಳ ಹೊತ್ತಿಗೆ ಕೂದಲು ಉದುರತೊಡಗಿದಾಗ ಧೈರ್ಯ ಹೇಳುವುದು, ರಕ್ತಪರೀಕ್ಷೆಯ ದಿನವನ್ನು ನೆನಪಿಸುವುದು, ಇವೆಲ್ಲ ಆ ಮನೆಯ ವೈಯಾವೃತ್ಯ. ವೈಯಾವೃತ್ಯವನ್ನು ಆಚಾರ್ಯರು ಅಂತರಂಗ ತಪಸ್ಸಿನಲ್ಲಿ ಎಣಿಸಿದ್ದಾರೆಂಬುದನ್ನು ಮರೆಯಬಾರದು.

ಮುನಿಗಳು ಆಹಾರವನ್ನು ಸ್ವೀಕರಿಸುವುದಕ್ಕೆ ಹಸಿವಿನ ವೇದನೆಯ ಶಮನ, ವೈಯಾವೃತ್ಯ, ಆವಶ್ಯಕ ಕ್ರಿಯೆ, ಸಂಯಮ, ಪ್ರಾಣರಕ್ಷಣೆ, ಧರ್ಮ ಎಂಬ ಆರು ಕಾರಣಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ರುಚಿಯ ಹೆಸರಿಲ್ಲ. ಚಿಕ್ಕ ಬಟ್ಟಲಿನ ಮುಂದೆ ಕುಳಿತ ಶ್ರಾವಕನು ಮೊದಲ ತುತ್ತಿಗೆ ಮುನ್ನ ಈ ಆರನ್ನು ಒಮ್ಮೆ ನೆನೆಯಲಿ. ಕಿರಿದಾದ ಉದರವನ್ನು ವೈದ್ಯನು ಕೊಟ್ಟನು. ಅದರಲ್ಲಿ ತೃಪ್ತಿಯನ್ನು ತುಂಬುವ ಕಾರ್ಯವು ಆ ಜೀವನದೇ. ಹೀಗೆ ಉಂಡವನ ಊಟವು ಪರ್ವದಿನದಲ್ಲಿಯೂ ತಪಸ್ಸೇ. ಅವನು ಯಾರ ಮುಂದೆಯೂ ನಾಚಬೇಕಾಗಿಲ್ಲ.