ಇಂದಿನ ಚಿಂತನೆ: ಸರಿಯಾದ ವಿಚಾರಕ್ಕೂ ಅಂಟಿಕೊಳ್ಳಬಾರದೇ?



ಬಂಧುಗಳೇ, ನಮ್ಮ ಸೋಮನಹಳ್ಳಿಯವರೊಬ್ಬರು ಅಮೆರಿಕದ ಚುನಾವಣೆಯಲ್ಲಿ ಪ್ರಚಾರ ಮಾಡಿದ್ದರು ಎಂದರೆ ಹುಡುಗರು ನಂಬುವುದಿಲ್ಲ. ಎಸ್.ಎಂ. ಕೃಷ್ಣ ಅವರು ಅಲ್ಲಿ ಓದುತ್ತಿದ್ದಾಗ, 1960ರಲ್ಲಿ, ಜಾನ್ ಎಫ್. ಕೆನಡಿ ಪರ ಓಡಾಡಿದ್ದರು. ಮುಂದೆ ನಮ್ಮ ದೇಶದ ವಿದೇಶಾಂಗ ಸಚಿವರೂ ಆದರು. 2024ರ ಡಿಸೆಂಬರ್‌ನಲ್ಲಿ ಅವರ ಅಂತ್ಯಕ್ರಿಯೆ ಇಲ್ಲೇ ನಡೆದಾಗ ಕೆನಡಿ ಕತೆ ಮತ್ತೆ ಎಲ್ಲರ ಬಾಯಲ್ಲಿ ಬಂತು. ಆ ಕತೆಯ ಇನ್ನೊಂದು ತುದಿ ಬೌದ್ಧರಾದ ನಮಗೆ ಸೇರಿದ್ದು.

ಕೆನಡಿ ಕ್ಯಾಥೊಲಿಕ್. ಇವರು ಗೆದ್ದರೆ ಪೋಪ್ ಹೇಳಿದಂತೆ ಆಳುತ್ತಾರೆ ಎಂಬ ಭಯ ಅಲ್ಲಿ ಹಲವರಿಗಿತ್ತು. ಅವರು ಹ್ಯೂಸ್ಟನ್ನಿನಲ್ಲಿ ಪಾದ್ರಿಗಳ ಎದುರೇ ನಿಂತು, ಚರ್ಚು ಬೇರೆ ಸರ್ಕಾರ ಬೇರೆ ಎಂದು ಸ್ಪಷ್ಟವಾಗಿ ಹೇಳಿದರು. ಒಳ್ಳೆಯ ಮಾತು.

ಆದರೆ ಮುಂದಿನ ಬಾಗಿಲಲ್ಲಿ ತಡೆದದ್ದು ಹಿಂದಿನ ಬಾಗಿಲಲ್ಲಿ ಬಂತು. ಕಮ್ಯುನಿಸಂ ವಿರೋಧವೇ ಆಗ ಅಮೆರಿಕಕ್ಕೆ ಒಂದು ಧರ್ಮದಂತಾಗಿತ್ತು. ದಕ್ಷಿಣ ವಿಯೆಟ್ನಾಂನಲ್ಲಿ ಬಹುಪಾಲು ಬೌದ್ಧ ಜನರನ್ನು ಕಡೆಗಣಿಸಿ ಆಳುತ್ತಿದ್ದ ಡಿಯೆಮ್‌ಗೆ, ಕಮ್ಯುನಿಸ್ಟರ ಶತ್ರು ಎಂಬ ಕಾರಣಕ್ಕೆ, ಹಣ ಮತ್ತು ಶಸ್ತ್ರ ಹರಿಯಿತು. 1963ರ ಮೇ 8, ಬುದ್ಧ ಜಯಂತಿಯ ದಿನ, ಹ್ಯೂ ನಗರದಲ್ಲಿ ಬೌದ್ಧ ಧ್ವಜ ಹಾರಿಸಲು ಬಿಡಲಿಲ್ಲ. ಪ್ರತಿಭಟಿಸಿದವರ ಮೇಲೆ ದಾಳಿಯಾಯಿತು, ಜನ ಸತ್ತರು. ಜೂನ್ 11ರಂದು ಸೈಗಾನಿನ ರಸ್ತೆಯಲ್ಲಿ ಭಿಕ್ಖು ಥಿಚ್ ಕ್ವಾಂಗ್ ಡುಕ್ ಧ್ಯಾನಕ್ಕೆ ಕೂತಂತೆ ಕೂತು ಬೆಂಕಿಯಲ್ಲಿ ಉರಿದುಹೋದರು. ಆ ಫೋಟೋ ಲೋಕವೆಲ್ಲ ನೋಡಿತು.

ನಾವು ಒಳ್ಳೆಯವರು, ಎದುರಿನವರು ಕೆಟ್ಟವರು ಎಂದು ಒಮ್ಮೆ ತೀರ್ಮಾನಿಸಿದರೆ ಪಕ್ಕದಲ್ಲಿ ಸುಡುತ್ತಿರುವವನು ಕಣ್ಣಿಗೆ ಬೀಳುವುದಿಲ್ಲ. ಭಗವಾನರು ಇದನ್ನೇ ದೃಷ್ಟಿ ಉಪಾದಾನ ಎಂದರು, ಅಂದರೆ ಅಭಿಪ್ರಾಯಕ್ಕೆ ಅಂಟಿಕೊಳ್ಳುವುದು. ಧಮ್ಮವೂ ಹೊಳೆ ದಾಟುವ ತೆಪ್ಪ, ದಾಟಿದ ಮೇಲೆ ತಲೆ ಮೇಲೆ ಹೊತ್ತು ತಿರುಗಬೇಡಿ ಎಂದರು. ಇದು ಅಮೆರಿಕದ ರೋಗ ಮಾತ್ರ ಅಲ್ಲ. ಬರ್ಮಾದಲ್ಲಿ ಚೀವರ ಉಟ್ಟ ಕೆಲವರೇ ರೋಹಿಂಗ್ಯಾಗಳ ಮೇಲೆ ದ್ವೇಷ ಹಚ್ಚಿದರು.

ನನ್ನದೂ ಹೇಳಿಬಿಡುತ್ತೇನೆ. ದೀಕ್ಷೆ ತಗೊಂಡು ಬಂದ ಸಂಜೆಯೇ ನಾನು ಅವ್ವ ಇಟ್ಟಿದ್ದ ಮಾರಮ್ಮನ ಪಟ ಗೋಡೆಯಿಂದ ಕಿತ್ತೆ. 22 ಪ್ರತಿಜ್ಞೆ ನನ್ನ ಬಾಯಲ್ಲಿತ್ತು. ಅವ್ವ ಜಗಳ ಆಡಲಿಲ್ಲ. "ಬುದ್ಧ ನಿಂಗೆ ಸಿಟ್ಟು ಕಲಿಸಿದ್ನೇನಪ್ಪ?" ಅಂದಳು. ಅಂದು ರಾತ್ರಿ ಉಣ್ಣಲಿಲ್ಲ.

ಹಾಗಾದರೆ ಗಟ್ಟಿ ನಿಲುವೇ ಬೇಡವೇ? ಬೇಕು. ಬಾಬಾಸಾಹೇಬರಿಗಿಂತ ಗಟ್ಟಿ ನಿಲುವು ಯಾರದು? ಆದರೆ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದ್ದು 1935ರಲ್ಲಿ, ನಾಗಪುರದ ದೀಕ್ಷೆ 1956ರಲ್ಲಿ. ನಡುವೆ 21 ವರ್ಷ ಓದಿದರು, ಹೋಲಿಸಿದರು, ಪ್ರಶ್ನಿಸಿದರು. ತಮಗೇ 21 ವರ್ಷ ಕೊಟ್ಟುಕೊಂಡರು. ನಾನು ಅವ್ವನಿಗೆ ಒಂದು ಸಂಜೆಯನ್ನೂ ಕೊಡಲಿಲ್ಲ.

ನನ್ನ ವಿಚಾರ ಇವತ್ತಿಗೂ ಬದಲಾಗಿಲ್ಲ. ಕಿತ್ತ ಕೈ ಮಾತ್ರ ತಪ್ಪು ಎಂದು ಗೊತ್ತಾಗಿದೆ. ಈಗ ಸಂಜೆ ಅವ್ವನ ಪಕ್ಕ ಕೂತು ಅವಳ ಕತೆ ಕೇಳುತ್ತೇನೆ, ಕೇಳಿದರೆ ನನ್ನದು ಹೇಳುತ್ತೇನೆ.

ಇಂದಿನ ಅಭ್ಯಾಸ: ವಾದಕ್ಕೆ ಇಳಿಯುವ ಮುನ್ನ ಒಂದು ಉಸಿರು ನಿಂತು ಕೇಳಿಕೊಳ್ಳೋಣ. ನಾನು ಈಗ ಹಿಡಿದಿರುವುದು ಸತ್ಯವನ್ನೋ, ನನ್ನ ಗೆಲುವನ್ನೋ?

ಭವತು ಸಬ್ಬ ಮಂಗಳಂ. ಜೈ ಭೀಮ್.