ನೋಡುವುದನ್ನು ಕಲಿಸಬಹುದೆ?

ಕಣ್ಣಿರುವವನಿಗೆ ನೋಡಲು ಕಲಿಸುವ ಅಧಿಕಾರ ಇನ್ನೊಬ್ಬನಿಗೆ ಎಲ್ಲಿಂದ ಬಂತು? ಸತೀಶ್ ಬಹಾದೂರರನ್ನು ನೆನೆದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಆಗ್ರಾದಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತ, ಜೊತೆಗೆ ಫಿಲ್ಮ್ ಸೊಸೈಟಿ ನಡೆಸುತ್ತಿದ್ದ ಈ ಮೇಷ್ಟರು, 1960ರಲ್ಲಿ ಪುಣೆಯ ಪ್ರಭಾತ್ ಸ್ಟುಡಿಯೋ ಆವರಣದಲ್ಲಿ ಆರಂಭವಾದ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಬಂದು ಚಿತ್ರ ರಸಗ್ರಹಣದ ಪ್ರಾಧ್ಯಾಪಕರಾದರು. ಚಿತ್ರ ತೆಗೆದು ಹೆಸರಾದವರಲ್ಲ. ಚಿತ್ರ ನೋಡಿಸಿ ಹೆಸರಾದವರು. 2010ರಲ್ಲಿ ತೀರಿಕೊಂಡರು.

ಅವರ ಪಾಠ ತರಗತಿಯೊಳಗೇ ಉಳಿದಿದ್ದರೆ ನಮ್ಮ ಪ್ರಶ್ನೆಗೆ ಅಷ್ಟು ಬಿಸಿ ಇರುತ್ತಿರಲಿಲ್ಲ. ಅದು ಸಾಗರ ತಾಲ್ಲೂಕಿನ ಹೆಗ್ಗೋಡಿಗೂ ಬಂತು. ನೀನಾಸಮ್‌ನ ಕೆ. ವಿ. ಸುಬ್ಬಣ್ಣನವರು ಅಡಿಕೆ ಬೆಳೆಯುವ ಆ ಊರಿಗೆ ಬಹಾದೂರರನ್ನು ಕರೆಸಿದರು. ಫಿಲ್ಮ್ ಆರ್ಕೈವಿನ ಪಿ. ಕೆ. ನಾಯರ್ ರೀಲುಗಳನ್ನು ಒದಗಿಸಿದರು. ಸತ್ಯಜಿತ್ ರಾಯ್, ಕುರೋಸಾವಾ, ಡಿ ಸಿಕಾ ಹಳ್ಳಿಯವರ ಮುಂದೆ ಮೂಡಿದರು. ಇದು ಉಪಕಾರವೋ, ಪಟ್ಟಣದ ರುಚಿಯನ್ನು ಹಳ್ಳಿಯ ನಾಲಗೆಗೆ ಸವರಿದ ದರ್ಪವೋ?

ದರ್ಪವೆನ್ನುವವರ ಮಾತನ್ನು ತೂಗಲು ವಿಜಯಪುರ ಜಿಲ್ಲೆಯ ಕಡೆ ನೋಡಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಆದರೆ ಆ ಸೀಮೆಯ ಪ್ರೇಕ್ಷಕ ನೋಡಲು ಕಲಿತದ್ದು ಪುಣೆಯ ಪಾಠದಿಂದಲ್ಲ, ಜಾತ್ರೆಯ ಕಂಪನಿ ನಾಟಕದಿಂದ, ಬಯಲಾಟದಿಂದ. ಕಥೆ ಅವನಿಗೆ ಮೊದಲೇ ಗೊತ್ತು. ಆದ್ದರಿಂದ ಅವನು ನೋಡುವುದು ಮುಂದೇನಾಯಿತೆಂದಲ್ಲ, ಹೇಗಾಯಿತೆಂದು. ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಎಂದು ಕೂಗಿ ನಟನನ್ನು ಮತ್ತೆ ಹಾಡಿಸುತ್ತಾನೆ. ಇವನಿಗೆ ರಸಗ್ರಹಣದ ಪಾಠವೆ? ನಗು ಬರುತ್ತದೆ.

ಆದರೆ ಬಹಾದೂರರು ಮಾಡುತ್ತಿದ್ದುದೂ ಒಂದು ಬಗೆಯ ‘ಒನ್ಸ್ ಮೋರ್’ ತಾನೆ! ‘ಪಥೇರ್ ಪಾಂಚಾಲಿ’ಯನ್ನು ಅವರು ದೃಶ್ಯದಿಂದ ದೃಶ್ಯಕ್ಕೆ ಬಿಡಿಸಿ, ಮತ್ತೆ ಮತ್ತೆ ನೋಡಿಸುತ್ತಿದ್ದರು. ಜಾತ್ರೆಯ ಪ್ರೇಕ್ಷಕ ಸಂತೋಷಕ್ಕಾಗಿ ಮತ್ತೊಮ್ಮೆ ಕೇಳುತ್ತಾನೆ. ಮೇಷ್ಟರು ಸಂಶಯಕ್ಕಾಗಿ ಮತ್ತೊಮ್ಮೆ ತೋರಿಸುತ್ತಾರೆ: ನೀವು ಅತ್ತಿರಲ್ಲ, ಯಾವ ಗಳಿಗೆಯಲ್ಲಿ, ಏತಕ್ಕೆ? ಈ ಕೇಳ್ಮೆಯಲ್ಲಿ ದರ್ಪವಿಲ್ಲವೆಂದೇ ನನ್ನ ಎಣಿಕೆ. ತೀರ್ಪನ್ನು ಕೈಗೆ ಕೊಡುವವನು ದರ್ಪಿಷ್ಠ. ವಸ್ತುವನ್ನೇ ಮತ್ತೆ ಮುಂದಿಡುವವನು ತನ್ನ ಮಾತೂ ಸುಳ್ಳಾಗುವ ಅವಕಾಶ ಕೊಟ್ಟಿರುತ್ತಾನೆ.

ಅಪಾಯವಿಲ್ಲವೆಂದಲ್ಲ. ಶಿಷ್ಯರು ಗುರುವಿನ ಕಣ್ಣನ್ನು ಬಿಟ್ಟು ಮಾತನ್ನಷ್ಟೇ ಹಿಡಿಯುವುದುಂಟು. ರಾಯ್ ಹೆಸರು ಬಂದೊಡನೆ ತಲೆದೂಗುವ, ಟೆಂಟಿನ ಸಿನಿಮಾ ಎಂದರೆ ಮೂಗು ಮುರಿಯುವ ಒಂದು ಜಾತಿಯೇ ನಮ್ಮ ನಗರಗಳಲ್ಲಿ ಹುಟ್ಟಿತು. ಅದರ ಪಾಪದಲ್ಲಿ ಗುರುವಿಗೂ ಪಾಲುಂಟೇನೋ. ಅದೇ ಸಂಸ್ಥೆಯಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ ತೆಗೆದು ಸ್ವರ್ಣಕಮಲ ಪಡೆದರು. ಆದರೆ ಅಂಥ ಒಬ್ಬರನ್ನು ತೋರಿಸಿ ಉಳಿದ ಲೆಕ್ಕ ಚುಕ್ತಾ ಮಾಡಲಾಗದು.

ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಾಲಕನ ಕಥೆಯನ್ನು ಆ ಕಡೆಯವರು ಇಂದಿಗೂ ಹೇಳುತ್ತಾರೆ: ಜನಿವಾರ ನನಗೇಕೆ, ಅಕ್ಕನಿಗೇಕಿಲ್ಲ ಎಂದು ಅವನು ಕೇಳಿದನಂತೆ. ಹಿರಿಯರಿಗೆ ಅದು ಉದ್ಧಟತನವಾಗಿ ಕಂಡಿರಬೇಕು. ರಸಗ್ರಹಣದ ಶಿಬಿರದಲ್ಲಿ ಸಿಂದಗಿಯ ಒಬ್ಬ ಹುಡುಗ ಎದ್ದು, ನಿಮ್ಮ ಈ ಶ್ರೇಷ್ಠ ಚಿತ್ರ ನಮಗೆ ಬೇಸರವಾಯಿತು, ಏಕೆ ಹೇಳಲೇ ಎಂದು ಕೇಳಿದರೆ, ಮೇಷ್ಟರು ಅವನನ್ನು ಕೂರಿಸುತ್ತಾರೋ, ರೀಲನ್ನು ಮತ್ತೆ ಹಚ್ಚುತ್ತಾರೋ?