ಬೀಗದ ಕೈಯೂ ಸೇರಿದ ದಾನ

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ದಾನವಾಗಿ ಬಂದುದನ್ನು ಅಳೆಯದೆ ಕೃತಜ್ಞತೆಯಿಂದ ಸ್ವೀಕರಿಸಬೇಕೆಂಬುದು ಅದರ ತಾತ್ಪರ್ಯ. ಆದರೆ ಪ್ರಿಯ ಓದುಗರೇ, ದಾನ ಬಂದಿರುವುದು ಮಕ್ಕಳ ಶಾಲೆಗೆ, ಬಂದಿರುವ ವಸ್ತು ಕಂಪ್ಯೂಟರ್ ಎಂದಾದರೆ, ಮೊಳ ಹಾಕಿ ನೋಡುವುದು ಹಿರಿಯರಾದ ನಮ್ಮ ಕರ್ತವ್ಯವೇ ಆಗುತ್ತದೆ.

ಶಿಕಾರಿಪುರ ಅಥವಾ ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯನ್ನು ಮನಸ್ಸಿಗೆ ತಂದುಕೊಳ್ಳಿ. ನಗರದ ಕಚೇರಿಯೊಂದು ತಾನು ಬಳಸಿ ಬಿಟ್ಟ ಹತ್ತು ಕಂಪ್ಯೂಟರ್‌ಗಳನ್ನು ಅಲ್ಲಿಗೆ ಕಳುಹಿಸಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಅನೇಕ ಹಳೆಯ ಯಂತ್ರಗಳಿಗೆ ಹೊಂದುವುದಿಲ್ಲ. ಹೀಗಾಗಿ ಇನ್ನೂ ದುಡಿಯಬಲ್ಲ ಯಂತ್ರಗಳು ಮೂಲೆ ಸೇರುತ್ತಿವೆ. ಆಗ ಯಾರೋ ಒಬ್ಬರು ಸಲಹೆ ಕೊಡುತ್ತಾರೆ: ‘ಪರವಾನಗಿ ಇಲ್ಲದ ಪ್ರತಿ ನನ್ನ ಹತ್ತಿರ ಇದೆ, ಹಾಕಿಕೊಡುತ್ತೇನೆ. ಬಡ ಮಕ್ಕಳಿಗೆ ತಾನೇ?’

ಇಲ್ಲಿಯೇ ನೈತಿಕ ಪ್ರಶ್ನೆ ಏಳುತ್ತದೆ. ಕದಿಯಬಾರದೆಂಬ ಏಳನೆಯ ಆಜ್ಞೆಯನ್ನು ಬೆಳಿಗ್ಗೆ ಬಾಯಿಪಾಠ ಮಾಡಿಸಿ, ಮಧ್ಯಾಹ್ನ ಕದ್ದ ಪ್ರತಿಯ ಮುಂದೆ ಮಗುವನ್ನು ಕೂರಿಸಿದರೆ, ಅದರ ಮನಸ್ಸಿನಲ್ಲಿ ಉಳಿಯುವ ಪಾಠ ಯಾವುದು? ಹಾಗೆಂದು ‘ನಿನ್ನಲ್ಲಿರುವುದನ್ನು ಗೆಳೆಯನಿಗೆ ಕೊಡಬೇಡ’ ಎಂದು ಕಲಿಸುವುದೂ ನೆರೆಯವನನ್ನು ಪ್ರೀತಿಸೆಂಬ ಆಜ್ಞೆಯೊಡನೆ ಹೊಂದದು. ಒಂದು ಕಡೆ ಕಳ್ಳತನ, ಮತ್ತೊಂದು ಕಡೆ ಜಿಪುಣತನ.

ಈ ಇಕ್ಕಟ್ಟನ್ನು ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎದುರಿಸಿದರು. ಹಂಚಿಕೊಳ್ಳಲು ಯಾವ ತಡೆಯೂ ಇಲ್ಲದ ತಂತ್ರಾಂಶವನ್ನು ರಚಿಸುವ ‘ಗ್ನು’ ಯೋಜನೆಯನ್ನು 1983ರಲ್ಲಿ ಅವರು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ಎಂಬ ತಿರುಳನ್ನು ಹೊರತಂದರು. ಇವೆರಡೂ ಕೂಡಿದ ವ್ಯವಸ್ಥೆಯನ್ನು ಯಾರು ಬೇಕಾದರೂ ಬಳಸಬಹುದು, ಒಳಗನ್ನು ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ಸೊರಬ, ಸಾಗರಗಳ ಗುಡಿಗಾರರ ಮನೆಗಳನ್ನು ನೆನೆಯಿರಿ. ಗಂಧದ ಕೊರಡಿನ ಮೇಲೆ ಉಳಿ ಸಾಗುವ ಬಗೆಯನ್ನು ಹಿರಿಯರು ಮಕ್ಕಳಿಗೆ ತೋರಿಸದೆ, ಕೆತ್ತಿ ಮುಗಿದ ಪೆಟ್ಟಿಗೆಯನ್ನಷ್ಟೇ ಕೊಟ್ಟಿದ್ದರೆ ಆ ಕಲೆ ಒಂದೇ ತಲೆಮಾರಿಗೆ ಮುಗಿದುಹೋಗುತ್ತಿತ್ತು. ಒಳಗನ್ನು ತೋರಿಸುವ ಈ ಔದಾರ್ಯದಿಂದಲೇ ಕನ್ನಡದ ಸ್ವಯಂಸೇವಕರು ಲಿನಕ್ಸಿನ ತೆರೆಯ ಮೇಲಿನ ಮಾತುಗಳನ್ನು ಕನ್ನಡಕ್ಕೆ ತರಲು ಸಾಧ್ಯವಾಯಿತು. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರಶೈಲಿಗಳು ಅದರಲ್ಲಿ ಸೇರಿದವು.

ಸಂತ ಅಗಸ್ಟೀನರು ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದ ಆರಂಭದಲ್ಲಿ ಸೂಕ್ಷ್ಮವಾದ ವಿಚಾರವೊಂದನ್ನು ಮುಂದಿಡುತ್ತಾರೆ. ಕೊಟ್ಟರೂ ಕಡಿಮೆಯಾಗದ ವಸ್ತುವನ್ನು ಕೊಡದೆ ಇಟ್ಟುಕೊಂಡವನು ಅದನ್ನು ಸರಿಯಾಗಿ ಹೊಂದಿಯೇ ಇಲ್ಲ ಎಂಬುದು ಅದರ ಸಾರ. ಮುರಿದು ಹಂಚಿದಂತೆಲ್ಲ ಹೆಚ್ಚಿದ ರೊಟ್ಟಿಗಳನ್ನು ಅವರು ಅಲ್ಲಿಯೇ ಸ್ಮರಿಸುತ್ತಾರೆ. ಭತ್ತವನ್ನು ಕೊಟ್ಟರೆ ಕಣಜ ಇಳಿಯುತ್ತದೆ. ತಂತ್ರಾಂಶದ ಪ್ರತಿಯನ್ನು ಕೊಟ್ಟರೆ ಕೊಟ್ಟವನದು ಇಳಿಯದು. ದುಡಿದವನಿಗೆ ಕೂಲಿ ಸಲ್ಲಬೇಕೆಂಬುದೂ ಪ್ರಭುವಿನ ಬೋಧನೆಯೇ. ಆದ್ದರಿಂದ ಪರರದನ್ನು ಕಿತ್ತುಕೊಳ್ಳುವಂತಿಲ್ಲ. ರಚಿಸಿದವರೇ ಮನಸಾರೆ ತೆರೆದಿಟ್ಟದ್ದನ್ನು ಸ್ವೀಕರಿಸುವ ದಾರಿ ನಮ್ಮ ಮುಂದಿದೆ. ಲಿನಕ್ಸ್ ಹುಟ್ಟಿದ ಅದೇ 1991ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ‘ಚೆಂತೆಸಿಮುಸ್ ಆನ್ನುಸ್’ ಎಂಬ ವಿಶ್ವಪರಿಪತ್ರದಲ್ಲಿ, ಅರಿವು ಮತ್ತು ತಂತ್ರಜ್ಞಾನದ ಒಡೆತನವು ಭೂಮಿಯ ಒಡೆತನದಷ್ಟೇ ಮಹತ್ವ ಪಡೆಯುತ್ತಿದೆಯೆಂದು ತಿಳಿಸಿದ್ದರು. ಅಂದಮೇಲೆ ಅರಿವಿನಿಂದ ಹೊರಗುಳಿದವನೇ ಇಂದಿನ ಭೂಹೀನ.

ಅರಿವನ್ನು ಅನ್ನದಂತೆ ಬಡಿಸುವುದು ಈ ನೆಲಕ್ಕೆ ಹೊಸದೇನಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠದಲ್ಲಿ ವೇದ ವ್ಯಾಕರಣಗಳ ಪಾಠ, ಹಸಿದವರಿಗೆ ಅನ್ನ, ರೋಗಿಗಳಿಗೆ ಚಿಕಿತ್ಸೆ ಒಂದೇ ಆವರಣದಲ್ಲಿ ನಡೆಯುತ್ತಿದ್ದುದನ್ನು 1162ರ ಶಾಸನ ವರ್ಣಿಸುತ್ತದೆ.

ಈಗ ಸ್ವಯಂಸೇವಕರ ವಿಷಯಕ್ಕೆ ಬರೋಣ. ಶನಿವಾರ ಬಂದು, ಹತ್ತು ಯಂತ್ರಗಳಿಗೆ ಲಿನಕ್ಸ್ ಹಾಕಿ, ಭಾನುವಾರ ಹಿಂದಿರುಗುವ ಯುವಕರ ಸೇವೆ ದೊಡ್ಡದೇ. ಆದರೆ ಪಾಸ್‌ವರ್ಡ್ ಅವರ ಜೇಬಿನಲ್ಲಿಯೇ ಉಳಿದರೆ? ಮಲೆನಾಡಿನ ಮಳೆಗಾಲದ ಸಿಡಿಲಿಗೆ ಒಂದು ಯಂತ್ರ ಕೆಟ್ಟಾಗ ಅದನ್ನು ಬಿಚ್ಚಿ ನೋಡುವ ಧೈರ್ಯ ಊರಿನಲ್ಲಿ ಯಾರಿಗೂ ಇಲ್ಲದಿದ್ದರೆ? ಆಗ ಸ್ವತಂತ್ರ ತಂತ್ರಾಂಶವೂ ಬಟ್ಟೆ ಹೊದಿಸಿಟ್ಟ ಬೀಗದ ಪೆಟ್ಟಿಗೆಯೇ. ಕೊಟ್ಟವನು ಸದಾ ದೊಡ್ಡವನಾಗಿಯೂ, ಪಡೆದವನು ಸದಾ ಕೈಯೊಡ್ಡುವವನಾಗಿಯೂ ಉಳಿಯುವ ದಾನ ಅದು.

ಬೇರೆ ಬಗೆಯಲ್ಲಿ ನಡೆದ ಕೆಲಸ ನಮ್ಮ ನೆರೆಯಲ್ಲಿಯೇ ಇದೆ. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಕ್ರಮೇಣ ಸ್ವತಂತ್ರ ತಂತ್ರಾಂಶವನ್ನು ತನ್ನದಾಗಿಸಿಕೊಂಡಿತು. ಅಲ್ಲಿ ಶಾಲಾ ಶಿಕ್ಷಕರೇ ತರಬೇತಿ ಪಡೆದು ಇತರ ಶಿಕ್ಷಕರಿಗೆ ಕಲಿಸಿದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ. ಕಚೇರಿಗಳಲ್ಲಿ ಬೇರೆ ವ್ಯವಸ್ಥೆ ಇರುವಾಗ ಈ ಕಲಿಕೆ ಕೆಲಸಕ್ಕೆ ಬಂದೀತೇ ಎಂದು ಪೋಷಕರು ಕೇಳುವುದು ಸಹಜ. ಪತ್ರ ಬರೆಯುವುದು, ಲೆಕ್ಕದ ಹಾಳೆ ಸಿದ್ಧಪಡಿಸುವುದು ಎಲ್ಲಿ ಕಲಿತರೂ ಒಂದೇ. ಒಂದು ಗದ್ದೆಯಲ್ಲಿ ನಾಟಿ ಕಲಿತವನಿಗೆ ಮತ್ತೊಂದು ಗದ್ದೆ ಅಪರಿಚಿತವಲ್ಲ.

ಆದ್ದರಿಂದ ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿ ನನ್ನದೊಂದು ವಿನಂತಿ. ತಂತ್ರಜ್ಞಾನದ ಉದ್ಯೋಗದಲ್ಲಿರುವ ನಿಮ್ಮ ಮಕ್ಕಳು ರಜೆಗೆ ಊರಿಗೆ ಬಂದಾಗ ಹತ್ತಿರದ ಶಾಲೆಗೆ ಕಳುಹಿಸಿಕೊಡಿ, ಅದು ಯಾರ ಶಾಲೆಯೇ ಆಗಿರಲಿ. ಒಮ್ಮೆ ಹೋದವರು ಎರಡನೆಯ ಬಾರಿಯೂ ಹೋಗಲಿ. ಯಂತ್ರವನ್ನು ತಾವೇ ಸರಿಪಡಿಸುವ ಬದಲು ಒಬ್ಬ ಶಿಕ್ಷಕಿಯ, ಇಬ್ಬರು ಮಕ್ಕಳ ಕೈಯಿಂದ ಮಾಡಿಸಲಿ. ಪಾಸ್‌ವರ್ಡನ್ನು ಶಾಲೆಯ ದಾಖಲೆಯಲ್ಲಿ ಬರೆಸಿ ಬರಲಿ. ಮುಂದೊಂದು ದಿನ ಆ ಶಾಲೆಯ ಹುಡುಗಿಯೊಬ್ಬಳು ಪೆನ್‌ಡ್ರೈವ್ ಹಿಡಿದು ಪಕ್ಕದ ಹಳ್ಳಿಯ ಶಾಲೆಗೆ ಹೋಗಿ, ಅಲ್ಲಿಯ ಯಂತ್ರಕ್ಕೆ ತಾನೇ ಲಿನಕ್ಸ್ ಹಾಕಿಕೊಟ್ಟಾಳು. ನೀವು ಕೊಟ್ಟ ದಾನ ಅಂದು ಪೂರ್ಣವಾಯಿತೆಂದು ತಿಳಿಯಿರಿ.